ಅರ್ಥವಿಲ್ಲದ ‘ಗಲೋ’: ಲೇಲಂಡನ ಪಿಜಿನ್ ಕಥನದಲ್ಲಿ ಕ್ಯಾಂಟನೀಸ್ ವಾಕ್ಯಾಂತ್ಯ ಅವ್ಯಯಗಳು

ಚಾರ್ಲ್ಸ್ ಗಾಡ್‌ಫ್ರೀ ಲೇಲಂಡ್ (1824–1903) 1876ರಲ್ಲಿ ಲಂಡನ್ನಿನಿಂದ ಹೊರತಂದ ‘ಪಿಜಿನ್-ಇಂಗ್ಲಿಷ್ ಸಿಂಗ್-ಸಾಂಗ್’ ಎಂಬ ಹಾಡು-ಕಥೆಗಳ ಸಂಕಲನವು ಕ್ಯಾಂಟನೀಸ್ ಮತ್ತು ಇಂಗ್ಲಿಷ್ ಬೆರೆತ ವ್ಯಾಪಾರನುಡಿಯೊಂದನ್ನು ಕಥನಕ್ಕೆ ಒಗ್ಗಿಸಿಕೊಂಡ ಕೃತಿಯಾಗಿದ್ದು, ‘ಲಿಟ್ಲ್ ಜ್ಯಾಕ್ ಹಾರ್ನರ್’ನಂಥ ಶಿಶುಪ್ರಾಸವೂ ಅದರಲ್ಲಿ ಈ ನುಡಿಯ ವೇಷ ತೊಟ್ಟು ಬರುತ್ತದೆ. ಫಿಲಡೆಲ್ಫಿಯದಲ್ಲಿ ಹುಟ್ಟಿದ ಈ ಲೇಖಕ ಚೀನಾದ ಕರಾವಳಿಯಲ್ಲಿ ನೆಲೆಸಿದ್ದವನಲ್ಲ. ಜರ್ಮನ್ ಬೆರೆತ ಇಂಗ್ಲಿಷಿನಲ್ಲಿ ‘ಹಾನ್ಸ್ ಬ್ರೈಟ್‌ಮನ್’ ಲಾವಣಿಗಳನ್ನು ಬರೆದು ಅದಾಗಲೇ ಹೆಸರು ಮಾಡಿದ್ದವನು. ಆದುದರಿಂದ ಸಂಕಲನದ ನುಡಿ ಎಷ್ಟರಮಟ್ಟಿಗೆ ಕೇಳಿದ್ದು, ಎಷ್ಟರಮಟ್ಟಿಗೆ ಕಟ್ಟಿದ್ದು ಎಂಬ ಸಂದೇಹ ಸಹಜವಾದುದು.

ಪಿಜಿನ್ ಎಂದರೆ ಪರಸ್ಪರ ಭಾಷೆ ತಿಳಿಯದ ಗುಂಪುಗಳು ವ್ಯವಹಾರಕ್ಕಾಗಿ ರೂಪಿಸಿಕೊಂಡ, ಯಾರಿಗೂ ಮನೆಮಾತಲ್ಲದ ಸಂಪರ್ಕಭಾಷೆ. ಚೀನೀ ಪಿಜಿನ್ ಇಂಗ್ಲಿಷ್ 18ನೆಯ ಶತಮಾನದ ಕ್ಯಾಂಟನ್ ವ್ಯಾಪಾರದಲ್ಲಿ ಬೆಳೆದು, 1842ರ ನಾನ್‌ಕಿಂಗ್ ಒಪ್ಪಂದದ ತರುವಾಯ ಇತರ ಬಂದರುಗಳಿಗೆ ಹರಡಿತೆಂಬುದರಲ್ಲಿಯೂ, ‘ಜಾಸ್’, ‘ಸ್ಯಾವಿ’ ಮೊದಲಾದ ಪದಗಳು ಪೋರ್ಚುಗೀಸ್ ಮೂಲದವೆಂಬುದರಲ್ಲಿಯೂ ವಿವಾದವಿಲ್ಲ. ರಾಬರ್ಟ್ ಹಾಲ್ 1944ರಲ್ಲಿ ಇದರ ವ್ಯಾಕರಣವನ್ನು ವಿವರಿಸಿದರು. ಕಿಂಗ್ಸ್‌ಲಿ ಬೋಲ್ಟನ್ 2003ರಲ್ಲಿ ಸಾಮಾಜಿಕ ಚರಿತ್ರೆಯನ್ನು ಬರೆದರು.

ಉಂಬೆರ್ತೊ ಅನ್ಸಾಲ್ಡೊ, ಸ್ಟೀಫನ್ ಮ್ಯಾಥ್ಯೂಸ್ ಮತ್ತು ಜೆಫ್ ಸ್ಮಿತ್ 2010ರಲ್ಲಿ ಪ್ರಕಟಿಸಿದ ಅಧ್ಯಯನ ಚರ್ಚೆಯ ದಿಕ್ಕನ್ನು ಬದಲಿಸಿತು. ಅವರು ಮುಖ್ಯವಾಗಿ ಆಶ್ರಯಿಸಿದ್ದು ತಾಂಗ್ ಟಿಂಗ್-ಶು 1862ರಲ್ಲಿ ಕ್ಯಾಂಟನ್ನಿನಲ್ಲಿ ಪ್ರಕಟಿಸಿದ, ಪಿಜಿನ್ ವಾಕ್ಯಗಳನ್ನು ಕ್ಯಾಂಟನೀಸ್ ಓದಿಗೆ ಹೊಂದುವ ಚೀನೀ ಅಕ್ಷರಗಳಲ್ಲಿ ಕೊಡುವ ಇಂಗ್ಲಿಷ್ ಕಲಿಕೆಯ ಗ್ರಂಥವನ್ನು. ಚೀನೀ ಆಕರಗಳಲ್ಲಿ ಕ್ಯಾಂಟನೀಸ್ ಪ್ರಭಾವ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆಂಬ ಅವರ ನಿಲುವನ್ನು ಅಲ್ಲಗಳೆಯಲು ಕಾರಣವಿಲ್ಲ. ಆದರೆ ಇದರ ಬಲದ ಮೇಲೆ ಇಂಗ್ಲಿಷ್ ಲೇಖಕರ ವಿನೋದ ಸಾಹಿತ್ಯವನ್ನು ಆಧಾರಗಳ ಪಟ್ಟಿಯಿಂದಲೇ ಕೈಬಿಡುವುದಾದರೆ, ಲೇಲಂಡನ ಪುಟಗಳಲ್ಲಿ ಉಳಿದಿರಬಹುದಾದ ಒಂದು ಕ್ಯಾಂಟನೀಸ್ ರಚನೆ ಕಣ್ತಪ್ಪುತ್ತದೆ.

ಆ ರಚನೆ ‘ಗಲೋ’. ‘ಗಲಾ’ ಎಂದೂ ಬರೆಯಲ್ಪಡುತ್ತಿತ್ತು. ಇಂಗ್ಲಿಷ್ ಬರಹಗಾರರು ಇದನ್ನು ಖಚಿತ ಅರ್ಥವಿಲ್ಲದ ಉದ್ಗಾರವೆಂದು ಬಗೆದರು. ಲಾಂಗ್‌ಫೆಲೋನ ‘ಎಕ್ಸೆಲ್ಸಿಯರ್’ ಕವಿತೆಯ ಅಣಕದಲ್ಲಿ ಅದು ಪಲ್ಲವಿಯ ತುದಿಯಲ್ಲಿ ನಿಲ್ಲುತ್ತದೆ. ಆ ಅಣಕ ಲೇಲಂಡನ ಸಂಕಲನಕ್ಕಿಂತ ಹಳೆಯದಾದ್ದರಿಂದ ಪದವು ಅವನ ಸ್ವಂತ ಸೃಷ್ಟಿಯಲ್ಲ. ಕ್ಯಾಂಟನೀಸಿನಲ್ಲಿ ವಾಕ್ಯದ ಕೊನೆಗೆ ಸೇರಿ ಮಾತಿನ ಧೋರಣೆಯನ್ನು ಸೂಚಿಸುವ ಅವ್ಯಯಗಳು ಮೂವತ್ತರಷ್ಟಿವೆ. ಕನ್ನಡದ ‘ಕಣೋ’, ‘ಕಣ್ರೀ’ಗಳಂತೆ ಇವುಗಳಿಗೂ ನಿಘಂಟಿನ ಅರ್ಥಕ್ಕಿಂತ ಬಳಕೆಯ ಸಂದರ್ಭವೇ ಮುಖ್ಯ. ಇವು ನಿಯತ ಕ್ರಮದಲ್ಲಿ ಜೋಡಿಯಾಗುತ್ತವೆ: ‘ಇದು ಹೀಗೆಯೇ’ ಎಂದು ದೃಢೀಕರಿಸುವ ‘ಗೆ’ ಮೊದಲು ಬಂದು, ಹೊಸ ಸ್ಥಿತಿಯನ್ನು ಸೂಚಿಸುವ ‘ಲಾ’ ಅಥವಾ ‘ಗೊತ್ತಿರುವುದೇ ತಾನೆ’ ಎಂಬ ಭಾವದ ‘ಲೊ’ ಅದರ ಹಿಂದೆ ನಿಲ್ಲುತ್ತದೆ. ‘ಗೆ’ಯ ಆರಂಭದ ವ್ಯಂಜನವು ವಾಸ್ತವದಲ್ಲಿ ಅಲ್ಪಪ್ರಾಣ ಕಕಾರವಾಗಿದ್ದು, ಪದಾದಿಯ ಕಕಾರವನ್ನು ಉಸಿರು ಬೆರೆಸಿ ಉಚ್ಚರಿಸುವ ಇಂಗ್ಲಿಷ್ ಕಿವಿಗೆ ಅದು ಗಕಾರವಾಗಿ ಕೇಳಿಸುತ್ತದೆ. ಹೀಗಿರಲು ‘ಗಲೋ’, ‘ಗಲಾ’ ಎಂಬ ಎರಡು ಬರಹರೂಪಗಳು ಒಂದೇ ಪದದ ಕಾಗುಣಿತ ಗೊಂದಲವಾಗಿರದೆ, ‘ಗೆ-ಲೊ’ ಮತ್ತು ‘ಗೆ-ಲಾ’ ಎಂಬ ಎರಡು ಭಿನ್ನ ಜೋಡಿಗಳ ಪಡಿಯಚ್ಚಾಗಿರುವ ಸಂಭವವಿದೆ.

ಈ ಊಹೆಗೆ ಮಿತಿಗಳು ಹಲವು. ಪದ್ಯದಲ್ಲಿ ಸಾಲಿನ ಕೊನೆಯ ಸ್ಥಾನವನ್ನು ಪ್ರಾಸವೇ ನಿರ್ಧರಿಸಬಹುದಾದ್ದರಿಂದ ಅಲ್ಲಿಯ ‘ಗಲೋ’ದ ಸ್ಥಾನಕ್ಕೆ ವ್ಯಾಕರಣದ ತೂಕ ಕೊಡುವಂತಿಲ್ಲ. ಇಂಗ್ಲಿಷ್ ಅಕ್ಷರಗಳು ಸ್ವರಗಳ ವಿಷಯದಲ್ಲಿ ಅಷ್ಟೇನೂ ನಂಬಲರ್ಹವಲ್ಲ, ಕ್ಯಾಂಟನೀಸ್ ಅವ್ಯಯಗಳನ್ನು ಬೇರ್ಪಡಿಸುವ ಸ್ವರಭಾರವನ್ನಂತೂ ಅವು ಗುರುತಿಸುವುದೇ ಇಲ್ಲ. ಮಲಯ ಭಾಷೆಯ ‘ಲಾ’ ಅವ್ಯಯ ನಾವಿಕರ ಮೂಲಕ ಬಂದಿರಬಹುದೆಂಬ ವಾದವನ್ನೂ ಮುಂದಿಡಬಹುದು. ಆದರೆ ಅದು ಪದದ ಉತ್ತರಾರ್ಧವನ್ನಷ್ಟೇ ವಿವರಿಸುತ್ತದೆ, ಪೂರ್ವಾರ್ಧದ ‘ಗ’ ಅನಾಥವಾಗಿಯೇ ಉಳಿಯುತ್ತದೆ.

ಇಷ್ಟಾದರೂ ಒಂದು ಅಂಶ ಊಹೆಯ ಪರವಾಗಿದೆ. ನಗಿಸಲೆಂದು ಅನ್ಯರ ಮಾತನ್ನು ಅನುಕರಿಸುವವನು ಓದುಗ ಥಟ್ಟನೆ ಗುರುತಿಸಬಲ್ಲ ಗುರುತುಗಳನ್ನೇ ಹೆಚ್ಚಿಸುತ್ತಾನೆ. ‘ಟಾಕೀ’, ‘ಲುಕೀ’, ‘ಮೇಕೀ’ಗಳ ಈಕಾರ ಲೇಲಂಡನಲ್ಲಿ ಧಾರಾಳವಾಗಿ ಸುರಿದಿರುವುದು ಹೀಗೆ. ಇಂಗ್ಲಿಷಿನಲ್ಲಿ ಯಾವ ಮೂಲವೂ ಇಲ್ಲದ, ಅರ್ಥವೂ ಹೊಳೆಯದ ‘ಗಲೋ’ ಆ ಬಗೆಯ ಗುರುತಲ್ಲ. ಅರ್ಥವಾಗದೆ ಉಳಿದದ್ದರಿಂದಲೇ ಅದನ್ನು ತಿದ್ದಲು ಅನುಕರಿಸುವವರಿಗೆ ದಾರಿಯಿರಲಿಲ್ಲವೆಂದು, ಸಾಕಷ್ಟು ಹಿಂಜರಿಕೆಯೊಡನೆ, ಹೇಳಬಹುದು. ಕಟ್ಟಿದ ನುಡಿಯಲ್ಲಿ ಕಟ್ಟಿದವನ ಜಾಣ್ಮೆಗಿಂತ ಅವನ ಅಜ್ಞಾನವೇ ಆಧಾರವಾಗಿ ಒದಗುವ ವಿಚಿತ್ರ ಸನ್ನಿವೇಶವಿದು.

ನಿರ್ಣಾಯಕ ಪರೀಕ್ಷೆ ಸಂಕಲನದ ಗದ್ಯಕಥೆಗಳಲ್ಲಿ ನಡೆಯಬೇಕು. ಪ್ರಾಸದ ಒತ್ತಡವಿಲ್ಲದ ಅಲ್ಲಿಯೂ ‘ಗಲೋ’ ವಾಕ್ಯಾಂತ್ಯವನ್ನೇ ಹಿಡಿದು ನಿಲ್ಲುತ್ತದೆಯೇ, ಪ್ರಶ್ನೆಗಳಲ್ಲಿ ತಪ್ಪುತ್ತದೆಯೇ ಎಂಬುದನ್ನು ಎಣಿಸಿ ನೋಡಿದ ಮೇಲೆ, 1862ರ ಗ್ರಂಥದ ಸಂಭಾಷಣೆಗಳಲ್ಲಿ ವಾಕ್ಯಾಂತ್ಯದ ಅಕ್ಷರಗಳನ್ನು ಅದರೊಡನೆ ಹೋಲಿಸಬೇಕು. ಮರುಮಾತಿನ ಕಾವಿನಲ್ಲಿ ಹುಟ್ಟುವ ಇಂಥ ಅವ್ಯಯಗಳು ಪಾಠಕ್ಕೆಂದು ಒಪ್ಪವಾಗಿಸಿದ ವಾಕ್ಯಗಳಲ್ಲಿ ವಿರಳವಾಗಿರುವುದು ಸಾಧ್ಯವಾದ್ದರಿಂದ, ಅಲ್ಲಿ ಅವು ದೊರೆಯದಿದ್ದರೆ ಅದಷ್ಟರಿಂದಲೇ ಊಹೆ ಬಿದ್ದುಹೋಗುವುದಿಲ್ಲ. ಗದ್ಯಕಥೆಗಳಲ್ಲಿ ‘ಗಲೋ’ ವಾಕ್ಯದ ನಡುವೆ ಮನಬಂದಂತೆ ಸುಳಿದಾಡುವುದು ಕಂಡುಬಂದರೆ ಮಾತ್ರ ಅದನ್ನು ಕೈಬಿಡಬೇಕಾಗುತ್ತದೆ.