ಬೋರ ಮತ್ತು ಹಾಡ್ಜ್

ನಮ್ಮ ರೂಮಿನ ಬೆಕ್ಕಿಗೆ ಬೋರ ಅಂತ ಹೆಸರಿಟ್ಟಿದ್ದಕ್ಕೆ ರೂಮ್‌ಮೇಟ್ ಇನ್ನೂ ಗೊಣಗ್ತಾನೆ, ಬೆಕ್ಕಿಗೆ ಯಾರಾದ್ರೂ ಹಳ್ಳಿ ಹೈದನ ಹೆಸರಿಡ್ತಾರಾ ಅಂತ. ಇಡ್ತಾರೆ ಸ್ವಾಮಿ! 1755ರಲ್ಲಿ ಇಂಗ್ಲಿಷ್ ನಿಘಂಟು ತಂದ ಸ್ಯಾಮ್ಯುಯೆಲ್ ಜಾನ್ಸನ್ ಮನೆ ಬೆಕ್ಕಿನ ಹೆಸರು ಹಾಡ್ಜ್. ರೋಜರ್ ಅನ್ನೋದರ ಮೊಟಕು ರೂಪ ಅದು. ಹೊಲದ ಕೂಲಿಯವನನ್ನ ಅಲ್ಲಿ ಹಾಗೇ ಕರೀತಿದ್ರು.

ಹಾಡ್ಜ್‌ಗೆ ಜಾನ್ಸನ್ ಸಿಂಪಿ ತಿನ್ನಿಸ್ತಿದ್ರು. ಆಗಿನ ಲಂಡನ್ನಿನಲ್ಲಿ ಅದು ಬಡವರೂ ತಿನ್ನೋ ಅಗ್ಗದ ಪದಾರ್ಥ. ಆಳುಗಳನ್ನ ಕಳಿಸದೆ ತಾವೇ ಹೋಗಿ ತರ್ತಿದ್ರು. ಬೆಕ್ಕಿನ ಚಾಕರಿಗೆ ಬೇಸತ್ತು ಅವರು ಆ ಮೂಕಪ್ರಾಣಿಯನ್ನೇ ದ್ವೇಷಿಸಿಯಾರು ಅನ್ನೋ ಭಯವಂತೆ. ಹೀಗಂತ ಬರೆದವನು ಬಾಸ್ವೆಲ್, 1791ರ ಜೀವನಚರಿತ್ರೆಯಲ್ಲಿ. ಪಾಪ, ಅವನಿಗೆ ಬೆಕ್ಕು ಕಂಡ್ರೇ ಆಗ್ತಿರಲಿಲ್ಲ.

ನನಗೆ ಮಾತ್ರ ಬರೀ ಬೆಕ್ಕಿನ ಚಿಂತೆ ಅನ್ನಿಸಲ್ಲ. ಆ ಮನೆಯ ಆಳು ಫ್ರಾನ್ಸಿಸ್ ಬಾರ್ಬರ್, ಜಮೈಕಾದಲ್ಲಿ ಗುಲಾಮನಾಗಿ ಹುಟ್ಟಿದವನು. 1784ರಲ್ಲಿ ತೀರಿಕೊಂಡಾಗ ಜಾನ್ಸನ್ ಆಸ್ತಿಯ ಬಹುಪಾಲು ಅವನಿಗೇ ಬರೆದಿದ್ರು. ಅಂಥವನನ್ನ ಬೆಕ್ಕಿನ ಸೇವೆಗೆ ಓಡಿಸೋಕೆ ಮನಸ್ಸು ಬರುತ್ತಾ?

ಇದಕ್ಕಿಂತ ಇಷ್ಟವಾದ ಬೆಕ್ಕುಗಳಿದ್ವು ಅಂತ ಒಮ್ಮೆ ಬಾಯಿತಪ್ಪಿ ಅಂದ ಜಾನ್ಸನ್, ಹಾಡ್ಜ್ ಮುಖ ಚಿಕ್ಕದಾಗಿದ್ದು ಕಂಡು, ಇದೂ ಬಲು ಒಳ್ಳೇದು ಅಂತ ತಿದ್ದಿಕೊಂಡ್ರಂತೆ!

1997ರಿಂದ ಗಫ್ ಸ್ಕ್ವೇರಿನ ಮನೆಯೆದುರು ಹಾಡ್ಜ್‌ನ ಕಂಚಿನ ಪ್ರತಿಮೆ ಇದೆ. ನಿಘಂಟಿನ ಮೇಲೆ ಕೂತಿದ್ದಾನೆ, ಪಕ್ಕದಲ್ಲಿ ಸಿಂಪಿ ಚಿಪ್ಪು. ತಮಾಷೆ ಏನಂದ್ರೆ, ಜಾನ್ಸನ್ 1759ರಲ್ಲೇ ಆ ಮನೆ ಬಿಟ್ಟಿದ್ರು. ಬಾಸ್ವೆಲ್ ಪರಿಚಯವಾಗಿದ್ದು 1763ರಲ್ಲಿ. ಅವನು ಹಾಡ್ಜ್‌ನ ನೋಡಿದ್ದು ಬೇರೆ ಮನೇಲಿ!

ಇವತ್ತು ಬೋರನಿಗೆ ಮೀನು ತರೋ ಸರದಿ ರೂಮ್‌ಮೇಟ್‌ದು. ಬೇಡ ಬಿಡಿ, ನಾನೇ ಹೋಗಿ ತರ್ತೀನಿ :)