ಊರಿನ ಎಲ್ಲೆ, ಊರಿನ ಎಣಿಕೆ

ಸವದತ್ತಿಯು ಸುಗಂಧವರ್ತಿಯೆನಿಸಿ ರಟ್ಟರ ರಾಜಧಾನಿಯಾಗಿದ್ದ ಕಾಲದಲ್ಲಿ ಆ ಮನೆತನವು ಆಳಿದ ನಾಡಿಗೆ ‘ಕೂಂಡಿ ಮೂರು ಸಾವಿರ’ವೆಂಬ ಹೆಸರಿತ್ತೆಂಬುದನ್ನು ಶಾಸನಗಳನ್ನೋದಿದವರೆಲ್ಲರೂ ಬಲ್ಲರು, ಆದರೆ ಆ ಮೂರು ಸಾವಿರವು ಹಳ್ಳಿಗಳ ಲೆಕ್ಕವೋ ಹುಟ್ಟುವಳಿಯ ಲೆಕ್ಕವೋ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅಂಕಿಯು ಕಲ್ಲಿನ ಮೇಲೆ ಉಳಿದುಕೊಂಡಿತು, ಅದು ಯಾವುದನ್ನು ಎಣಿಸಿತ್ತೆಂಬುದು ಮರೆತುಹೋಯಿತು. ಇಂದು ಊರೂರಿನ ಜನಸಂಖ್ಯೆಯನ್ನು ಒಂದರ ಪಕ್ಕದಲ್ಲೊಂದು ಬರೆದು ಹಿರಿದು ಕಿರಿದೆಂದು ತೀರ್ಪು ಕೊಡುವ ನಮಗೂ ಇದೇ ಮರೆವು ಅಂಟಿಕೊಂಡಿದೆಯೆಂಬುದು ನನ್ನ ಬಹುದಿನಗಳ ಚಿಂತೆ.

ನಮ್ಮ ಹಿರಿಯರು ಖಾನೇಸುಮಾರಿಯೆಂದು ಕರೆಯುತ್ತಿದ್ದ ಗಣತಿಯು ಮೊದಲಿಗೆ ಒಂದೇ ರಾತ್ರಿಯ ಕಾರ್ಯವಾಗಿತ್ತು. ದೇಶದಾದ್ಯಂತ ಏಕಕಾಲಕ್ಕೆ ನಡೆದ ಪ್ರಥಮ ಗಣತಿಯ ರಾತ್ರಿ 1881ರ ಫೆಬ್ರವರಿ 17. ಆ ರಾತ್ರಿ ಯಾರು ಎಲ್ಲಿ ತಂಗಿದ್ದರೋ ಅವರು ಅಲ್ಲಿಯವರೆಂದೇ ಲೆಕ್ಕ. ಆ ವರ್ಷದ ಭರತ ಹುಣ್ಣಿಮೆ ಕಳೆದು ಆಗ ಮೂರೇ ದಿನಗಳಾಗಿದ್ದುವು. ಎಲ್ಲಮ್ಮನ ಗುಡ್ಡದ ಜಾತ್ರೆಯನ್ನು ಕಣ್ಣಾರೆ ಕಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನೊಗ ಇಳಿಸಿದ ಬಂಡಿಗಳ ಸಾಲು, ಬಂಡಿಯ ಕೆಳಗೆ ಕಂಬಳಿ ಹೊದ್ದು ಮಲಗಿದ ಮಕ್ಕಳು, ಮೂರು ಕಲ್ಲು ಹೂಡಿ ಹಚ್ಚಿದ ಒಲೆಯ ಮೇಲೆ ಪರಡಿಯ ಎಡೆಗಾಗಿ ಬೇಯುವ ಕಡುಬು, ಭಂಡಾರದಿಂದ ಹಳದಿಯಾದ ನೆಲ, ಎಲ್ಲಿಂದಲೋ ಏಳುವ ‘ಉಧೋ ಉಧೋ’ ಎಂಬ ಕೂಗು. ಒಂದೇ ಒಲೆಯಲ್ಲಿ ಅಡಿಗೆ ಮಾಡಿ ಉಣ್ಣುವವರೆಲ್ಲ ಒಂದು ಕುಟುಂಬವೆಂಬುದು ಗಣತಿಯ ಸೂತ್ರವಷ್ಟೆ. ಆ ಸೂತ್ರವನ್ನು ಹಿಡಿದು ಗುಡ್ಡದ ಮೇಲೆ ಹುಣ್ಣಿಮೆಯ ರಾತ್ರಿ ಒಲೆಗಳನ್ನೆಣಿಸ ಹೊರಟವನಿಗೆ ಸವದತ್ತಿಯು ಮಹಾನಗರವಾಗಿಯೇ ತೋರೀತು! ಮೂರು ದಿನಗಳ ತರುವಾಯ ಗುಡ್ಡವಿಳಿದ ಎಷ್ಟೋ ಬಂಡಿಗಳು ಇನ್ನೂ ದಾರಿಯಲ್ಲಿದ್ದಿರಬೇಕು. ಅವರ ಹೆಸರುಗಳು ಸ್ವಂತ ಊರಿನ ಲೆಕ್ಕಕ್ಕೆ ಸೇರದೆ, ತಂಗಿದ ಊರಿನ ಲೆಕ್ಕಕ್ಕೆ ಸೇರಿದ್ದಿರಬೇಕು. ಒಂದೇ ರಾತ್ರಿಯ ಈ ಪದ್ಧತಿಯು 1931ಕ್ಕೆ ಕೊನೆಗಂಡು, ವಾಡಿಕೆಯ ವಾಸಸ್ಥಳವೇ ಮುಖ್ಯವೆಂದಾಯಿತು. ಇಂದಿನ ಗಣತಿಯ ಪಟ್ಟಿಯಲ್ಲಿ ಊರಿನ ಹೆಸರೇ ‘ಸವದತ್ತಿ-ಎಲ್ಲಮ್ಮ’ ಎಂದಿದ್ದರೂ ವರ್ಷವರ್ಷವೂ ಅಲ್ಲಿಗೆ ಬರುವ ಲಕ್ಷಾಂತರ ಜನರಿಗೆ ಆ ಪಟ್ಟಿಯಲ್ಲಿ ಸ್ಥಳವಿಲ್ಲ.

ರಾಮದುರ್ಗದ ಕಥೆ ಬೇರೆ. ಮಲಪ್ರಭೆಯ ದಡದ ಈ ಊರು 1948ರವರೆಗೆ ಭಾವೆ ಮನೆತನದ ಸಂಸ್ಥಾನದ ರಾಜಧಾನಿ. 169 ಚದರ ಮೈಲಿಯ ಆ ಸಂಸ್ಥಾನದ 37,848 ಜನರು 1901ರಲ್ಲಿ ಎಣಿಕೆಗೊಂಡರಾದರೂ ಬೆಳಗಾವಿ ಜಿಲ್ಲೆಯ ಮೊತ್ತದಲ್ಲಿ ಅವರು ಇರಲಿಲ್ಲ. 1956ರಲ್ಲಿ ಚಂದಗಡ ತಾಲೂಕು ಜಿಲ್ಲೆಯಿಂದ ಹೊರಗೆ ಹೋಯಿತು. ಆದುದರಿಂದ 1901ರಲ್ಲಿ ಹತ್ತು ಲಕ್ಷಕ್ಕೆ ತುಸು ಕಡಮೆಯಿದ್ದ ಬೆಳಗಾವಿ ಜಿಲ್ಲೆಯು 2011ರಲ್ಲಿ 47 ಲಕ್ಷ 79 ಸಾವಿರಕ್ಕೇರಿತೆಂದು ಹೇಳುವವನು, ಮೊದಲಿನ ಜಿಲ್ಲೆಯೂ ಎರಡನೆಯ ಜಿಲ್ಲೆಯೂ ಒಂದೇ ನೆಲವಲ್ಲವೆಂಬುದನ್ನು ಅದೇ ಉಸಿರಿನಲ್ಲಿ ಹೇಳತಕ್ಕದ್ದು.

ಪಟ್ಟಣವೆಂದರೇನೆಂಬ ಪ್ರಶ್ನೆಗೆ 1961ರ ಗಣತಿಯು ನಿಷ್ಕೃಷ್ಟವಾದ ಉತ್ತರವನ್ನು ಕೊಟ್ಟಿತು: ಪುರಸಭೆಯಿದ್ದರೆ ಅದು ಕಾಯಿದೆಯಿಂದಲೇ ಪಟ್ಟಣ, ಇಲ್ಲವಾದರೆ ಜನ ಐದು ಸಾವಿರಕ್ಕೆ ಕಡಮೆಯಿರಬಾರದು, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಒಕ್ಕಲುತನದ ಹೊರಗಿನವರಾಗಿರಬೇಕು, ಚದರ ಮೈಲಿಗೆ ಸಾವಿರ ಜನರಿರಬೇಕು. ಬೆಳಿಗ್ಗೆ ಎರೆಹೊಲಕ್ಕೆ ಹೋಗಿ ಸಂಜೆ ಪೇಟೆಯ ಮನೆಗೆ ಹಿಂತಿರುಗುವ ಬೈಲಹೊಂಗಲದ ಒಕ್ಕಲಿಗನು ಪಟ್ಟಣಿಗನೋ ಹಳ್ಳಿಗನೋ? ಪುರಸಭೆಯ ಎಲ್ಲೆಯೊಳಗಿರುವನಾದುದರಿಂದ ಪಟ್ಟಣಿಗನೇ. 2011ರಲ್ಲಿ ಆ ಊರಿನ ಜನಸಂಖ್ಯೆಯು 50 ಸಾವಿರಕ್ಕೆ ಕೊಂಚವೇ ಕಡಮೆಯಾಗಿ, ಎರಡನೆಯ ದರ್ಜೆ ಕೈತಪ್ಪಿ, ಸವದತ್ತಿ ರಾಮದುರ್ಗಗಳೊಡನೆ ಮೂರನೆಯ ದರ್ಜೆಯಲ್ಲಿಯೇ ಉಳಿಯಿತು.

ದೊಡ್ಡ ನಗರಗಳಲ್ಲಿ ಎಲ್ಲೆಯ ತೊಡಕು ಇನ್ನೂ ಹೆಚ್ಚು. ಪಾಲಿಕೆಯ ಗಡಿಯಾಚೆಗೂ ಮನೆಗಳು ಒತ್ತೊತ್ತಾಗಿ ಹಬ್ಬಿರುವುದನ್ನು ಕಂಡು 1971ರ ಗಣತಿಯು ಅಂಥ ಕೂಡುಪಟ್ಟಣವನ್ನು ನಗರಸಮುಚ್ಚಯವೆಂದು ಪ್ರತ್ಯೇಕವಾಗಿ ಎಣಿಸತೊಡಗಿತು. ಬೆಳಗಾವಿಯನ್ನೇ ನೋಡಿರಿ: 2011ರಲ್ಲಿ ನಗರವು 4 ಲಕ್ಷ 88 ಸಾವಿರ, ದಂಡಿನ ಪ್ರದೇಶವೇ ಮೊದಲಾದುವು ಕೂಡಿದರೆ 6 ಲಕ್ಷ 10 ಸಾವಿರ. ಬೆಂಗಳೂರಿನ ಜನಸಂಖ್ಯೆಯು 2001ರಲ್ಲಿ 43 ಲಕ್ಷವಿದ್ದುದು ಹತ್ತು ವರ್ಷಗಳಲ್ಲಿ 84 ಲಕ್ಷವಾಯಿತೆಂದು ಬೆರಗಾಗುವವರುಂಟು. ನಡುವೆ 2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ, 110 ಹಳ್ಳಿಗಳು ಪಾಲಿಕೆಯೊಳಕ್ಕೆ ಬಂದುದನ್ನು ಅವರು ಗಮನಿಸಿಲ್ಲ. ಸಮುಚ್ಚಯದ ಲೆಕ್ಕವನ್ನು ಹಿಡಿದರೆ 57 ಲಕ್ಷವು 85 ಲಕ್ಷವಾಯಿತೆಂಬುದೇ ವಾಸ್ತವಕ್ಕೆ ಹೆಚ್ಚು ಹತ್ತಿರ. ಚೀನದ ಚೋಂಗ್‌ಚಿಂಗ್ ಮೂರು ಕೋಟಿಯ ನಗರವೆಂಬ ಖ್ಯಾತಿಯೂ ಇಂಥದೇ. ಅದರ ಎಲ್ಲೆಯೊಳಗೆ ನಮ್ಮ ಬೆಳಗಾವಿಯಂಥ ಆರು ಜಿಲ್ಲೆಗಳು, ಅವುಗಳ ಗದ್ದೆ ಗುಡ್ಡಗಳ ಸಮೇತವಾಗಿ, ಹಿಡಿಸುತ್ತವೆ.

ಕಿತ್ತೂರು ಈಚೆಗೆ ಬೈಲಹೊಂಗಲದಿಂದ ಬೇರ್ಪಟ್ಟು ಸ್ವತಂತ್ರ ತಾಲೂಕಾಗಿದೆ. ರಾಣಿ ಚೆನ್ನಮ್ಮನು ಆಳಿದ ಊರಿಗೆ ಈ ಮನ್ನಣೆ ಎಂದೋ ಸಲ್ಲಬೇಕಾಗಿತ್ತು. ಅವಳು ಸೆರೆಯಲ್ಲಿ ಕಣ್ಮುಚ್ಚಿದ ಬೈಲಹೊಂಗಲವು ಅಷ್ಟು ಕಾಲ ಆ ಊರಿನ ಲೆಕ್ಕವನ್ನೂ ತನ್ನ ಉಡಿಯಲ್ಲಿ ಹೊತ್ತಿತ್ತು. ಇನ್ನು ಮೇಲೆ ಬೈಲಹೊಂಗಲ ತಾಲೂಕಿನ ಜನವು ಇಳಿಯಿತೋ ಏರಿತೋ ಎಂಬುದನ್ನರಿಯಲು ಕಿತ್ತೂರಿನ ಹಳ್ಳಿಗಳನ್ನು ಒಂದೊಂದಾಗಿ ಹೆಸರಿಡಿದು ಮತ್ತೆ ಕೂಡಿಸಬೇಕು. ಹಳೆಯ ಪುಸ್ತಕಗಳಲ್ಲಿ ಸವದತ್ತಿ ತಾಲೂಕನ್ನು ಪರಸಗಡವೆಂಬ ಹೆಸರಿನಲ್ಲಿ ಹುಡುಕಬೇಕು, ಬೈಲಹೊಂಗಲವನ್ನು ಸಂಪಗಾಂವದಲ್ಲಿ ಹುಡುಕಬೇಕು. ಆ ಸಂಪಗಾಂವವು ಇಂದು ಬೈಲಹೊಂಗಲ ತಾಲೂಕಿನ ಪಟ್ಟಿಯಲ್ಲಿ ಒಂದು ಸಾಲಿನ ಹಳ್ಳಿ.