ಶ್ರೀರಂಗಪಟ್ಟಣದ ಸೆರೆಯಾಳಿಗೆ ಸಿಕ್ಕ ತೊಗಲ ಪುಸ್ತಕ

ಮೆಕಾಲೆ ಎಂದರೆ ನಮಗೆಲ್ಲ ನೆನಪಾಗುವುದು ಇಂಗ್ಲಿಷ್ ಶಿಕ್ಷಣ. ಆ ಮೆಕಾಲೆಗೆ ಕಾಲಿನ್ ಎಂಬ ದೊಡ್ಡಪ್ಪನಿದ್ದ. ಈತ ಕಂಪನಿ ಸೈನ್ಯದ ಅಧಿಕಾರಿ. ಮೈಸೂರು ಯುದ್ಧದಲ್ಲಿ ಸಿಕ್ಕಿಬಿದ್ದು ನಮ್ಮ ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದ. ಮುಂದೆ ತಿರುವಾಂಕೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆದ.

ಈತನಿಗೆ 1820ರಲ್ಲಿ ಇಂದಿನ ಗ್ರೀಸ್‌ಗೆ ಸೇರಿದ ಜಾಕಿಂಥೋಸ್ ದ್ವೀಪದ ಕೊಮುಟೊ ಎಂಬ ಶ್ರೀಮಂತ ಒಂದು ಹಳೆಯ ಪುಸ್ತಕ ಕೊಟ್ಟ. ಹದ ಮಾಡಿದ ತೊಗಲಿನ 176 ಹಾಳೆ, ಕೈಬರಹದ ಗ್ರೀಕ್ ಅಕ್ಷರ.

ಅದು ಚರ್ಚಿನಲ್ಲಿ ಓದುವ ಪುಸ್ತಕ. ಬೈಬಲ್ಲಿನ ಸುವಾರ್ತೆಗಳನ್ನು ಇದ್ದ ಕ್ರಮದಲ್ಲೇ ಬರೆಯದೆ, ಯಾವ ದಿನ, ಯಾವ ಹಬ್ಬಕ್ಕೆ ಯಾವ ಭಾಗ ಓದಬೇಕೋ ಹಾಗೆ ಜೋಡಿಸಿರುತ್ತಾರೆ. ಗ್ರೀಕ್ ಚರ್ಚುಗಳಲ್ಲಿ ಈ ಓದು ಈಸ್ಟರ್ ಹಬ್ಬದಿಂದ ಶುರುವಾಗುತ್ತದೆ.

ಆದರೆ ಆ ಬರಹದ ಕೆಳಗೆ ಇನ್ನೊಂದು ಬರಹವಿತ್ತು! ಸುಮಾರು ಕ್ರಿ.ಶ. 700ರ ಹೊತ್ತಿನಲ್ಲಿ ಯಾರೋ ಅದೇ ತೊಗಲಿನ ಮೇಲೆ ಲೂಕನ ಸುವಾರ್ತೆಯನ್ನೂ, ಸುತ್ತಲೂ ಹಿರಿಯರ ವ್ಯಾಖ್ಯಾನಗಳನ್ನೂ ಬರೆದಿದ್ದರು. ಐದಾರು ಶತಮಾನದ ನಂತರ ಮತ್ತೊಬ್ಬರು ಅದನ್ನು ಅಳಿಸಿ, ಹಾಳೆಗಳನ್ನು ಮಡಚಿ, ಮೇಲೆ ಹೊಸದಾಗಿ ಬರೆದರು. ತೊಗಲು ದುಬಾರಿಯಾಗಿದ್ದ ಕಾಲ ಅದು. ಒಂದು ದನವೋ ಕುರಿಯೋ ಕೊಟ್ಟ ಚರ್ಮದಲ್ಲಿ ಆಗುತ್ತಿದ್ದುದು ಕೆಲವೇ ಹಾಳೆ.

ಅಳಿಸಿದವರು ಧರ್ಮದ ವೈರಿಗಳಲ್ಲ. ಊರ ಜನ ಹಬ್ಬದ ದಿನ ಕೇಳುವ ಪಾಠ ಅವರಿಗೆ ಬೇಕಿತ್ತು. ಪಂಡಿತರ ವ್ಯಾಖ್ಯಾನ ಅಷ್ಟು ತುರ್ತಾಗಿರಲಿಲ್ಲ. ಒಂದರ ಬದುಕಿಗೆ ಇನ್ನೊಂದು ಅಳಿಯಿತು. ಆದರೆ ಪೂರಾ ಅಳಿಯಲಿಲ್ಲ. ಹೊಸ ಪುಸ್ತಕವನ್ನು ಜೋಪಾನ ಮಾಡಿದ್ದರಿಂದಲೇ ಹಳೆಯದೂ ಉಳಿಯಿತು.

ಕಾಲಿನ್ ಮೆಕಾಲೆ 1821ರಲ್ಲಿ ಪುಸ್ತಕವನ್ನು ಲಂಡನ್ನಿನ ಬೈಬಲ್ ಸೊಸೈಟಿಗೆ ಕೊಟ್ಟ. ಟ್ರೆಗೆಲ್ಸ್ ಎಂಬ ವಿದ್ವಾಂಸ ಅಡಿಯ ಅಕ್ಷರಗಳನ್ನು ಕಷ್ಟಪಟ್ಟು ಓದಿ, ಲೂಕನ ಪಾಠವನ್ನು 1861ರಲ್ಲಿ ಅಚ್ಚು ಹಾಕಿಸಿದ. 2014ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯ ದೇಣಿಗೆ ಎತ್ತಿ, 11 ಲಕ್ಷ ಪೌಂಡ್ ಕೊಟ್ಟು ಕೊಂಡಿತು. ಆಮೇಲೆ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಮುಂದಾಗಿ, ಹಾಳೆಗಳ ಮೇಲೆ ಬೇರೆ ಬೇರೆ ಬಣ್ಣದ ಬೆಳಕು ಬಿಟ್ಟು ಫೋಟೊ ತೆಗೆಸಿದರು. ಬರಿಗಣ್ಣಿಗೆ ಕಾಣದ ವ್ಯಾಖ್ಯಾನವೂ ಎದ್ದು ಬಂತು. ಇಂದು ಅದನ್ನು ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದು.

ನಮ್ಮ ಊರುಗಳ ಅಟ್ಟದ ಮೇಲೂ ಕಡತ, ತಾಳೆಗರಿ, ಹಳೇ ಲೆಕ್ಕದ ಪುಸ್ತಕಗಳಿವೆ. ಮನೆ ಕೆಡವುವಾಗ ಒಲೆಗೆ ಹಾಕುವ ಮುನ್ನ ಓದಬಲ್ಲವರಿಗೊಮ್ಮೆ ತೋರಿಸಿ. ನಮಗೆ ಕಾಣದ್ದು ನಾಳೆ ಬರುವವರ ಕಣ್ಣಿಗೆ ಕಂಡೀತು.